ಬ್ಯಾಗು ತೋರಿಸಿ

ನಮ್ಮೂರಿಗೆ ಮಧ್ಯಾಹ್ನ ಎರಡಕ್ಕೆ ಒಂದು ಬಸ್ಸು.
ಬಂದು, ತಿರುಗಿ, ಹೋದ ಮೇಲೆ
ಧೂಳಿಗೂ ಕೆಳಗಿಳಿಯಲು ಬೇಸರ,
ಅರ್ಧ ತಾಸು ಅಲ್ಲೇ ನಿಂತಿರುತ್ತಿತ್ತು.
ಆಮೇಲೆ ಏನೂ ಇಲ್ಲ.
ಗಿರಣಿಯ ಬೆಲ್ಟು ಪಟಪಟ ಅನ್ನುವುದು, ನಿಲ್ಲುವುದು.
ಪಿಯುಸಿ ಪಾಸಾಗಿ ಮೂರು ವರ್ಷ
ಅದೇ ಕಟ್ಟೆ, ಅದೇ ಹುಣಸೆಹಣ್ಣು; ಬೀಜ ಬಿಡಿಸುತ್ತ ಬಿಡಿಸುತ್ತ
ಉಗುರಿನ ಕಪ್ಪು ಮಾತ್ರ ಬೆಳೆಯಿತು.

ಕೈಯಲ್ಲೊಂದು ಚೀಲ ಕಂಡರೆ ಸಾಕು
"ಏನೈತಿ ಅದ್ರಾಗ?" ಅಂಗಡಿಯ ಸಂಗನಬಸಜ್ಜ.
"ಎಲ್ಲಿಗೆ ಹೊಂಟಿ?" ಕೊಡ ಹೊತ್ತ ಫಕೀರವ್ವ.
ಒಮ್ಮೆ ಬೇಕಂತಲೇ ಖಾಲಿ ಚೀಲ ಹಿಡಿದು ಓಣಿ ಸುತ್ತಿ ಬಂದೆ.
ಸಂಜೆಗೆ ಸುದ್ದಿ: ದುರುಗವ್ವನ ಮಗಳು
ಏನೋ ಮಾರಿಕೊಂಡು ಬಂದಳಂತೆ.

ಹೊರಟ ದಿನ ಅವ್ವ ತಡೆಯಲಿಲ್ಲ.
ರೊಟ್ಟಿ ಕಟ್ಟಿದಳು. ಅಗಸಿಯ ತನಕ ಬಂದು
"ಅಲ್ಲೂ ಬ್ಯಾಸರಾದ್ರ ಏನ್ ಮಾಡ್ತಿ?" ಅಂದಳು.
ಉತ್ತರ ಇರಲಿಲ್ಲ. ಬಸ್ಸಿತ್ತು.

ಈಗ ಯಶವಂತಪುರದ ಮೆಟ್ರೋದಲ್ಲಿ
ಹೆಂಗಸರ ಸಾಲಿಗೆ ನಾನೇ ಕಾವಲು.
ಅಳತೆಗಿಂತ ದೊಡ್ಡ ಅಂಗಿ, ಕೈಯಲ್ಲಿ ಕುಂಯ್ ಅನ್ನುವ ಕೋಲು.
ಸ್ಕ್ಯಾನರು ಕೆಟ್ಟ ಬೆಳಿಗ್ಗೆ
ಬ್ಯಾಗು ತೋರಿಸಿ ಮೇಡಂ, ಅನ್ನುತ್ತೇನೆ.
ತೋರಿಸುತ್ತಾರೆ:
ಚಿತ್ರಾನ್ನದ ಡಬ್ಬಿ, ಒಂಟಿ ಓಲೆ,
ಮಡಚಿ ಮಡಚಿ ಸವೆದ ಆಸ್ಪತ್ರೆಯ ಚೀಟಿ.
ಒಬ್ಬಾಕೆಯದರಲ್ಲಿ ಬರೀ ಬೀಗದ ಕೈ, ಹದಿನೇಳಾದರೂ ಇದ್ದಾವು.
ಜಿಪ್ಪು ಎಳೆದು, ಹೋಗಿ, ಅನ್ನುತ್ತೇನೆ.
ಯಾವ ಮನೆಯವು ಅಂತ ಕೇಳುವುದಿಲ್ಲ.
ತರಬೇತಿಯ ಮೂರು ದಿನದಲ್ಲಿ ಇದನ್ನು ಯಾರೂ ಕಲಿಸಿರಲಿಲ್ಲ.

ನನ್ನನ್ನೂ ಯಾರೂ ಕೇಳುವುದಿಲ್ಲ.
ಕೋಣೆಯ ಮೂವರಲ್ಲಿ ಒಬ್ಬಳಿಗೆ
ನಾನಿನ್ನೂ 'ಏಯ್, ಫ್ಯಾನ್ ಹಾಕು'.

ಭಾನುವಾರ. ಮತ್ತಿಕೆರೆಯ ತಾರಸಿ. ಎರಡು ಗಂಟೆ.
ತಂತಿಯ ಮೇಲೆ ನಾಲ್ವರ ಬಟ್ಟೆ ಒಣಗಿ ಗರಿಗರಿ.
ಟ್ಯಾಂಕು ತುಂಬಿ ತೊಟ್ಟಿಕ್ಕುತ್ತಿದೆ.
ಆಮೇಲೆ ಏನೂ ಇಲ್ಲ.
ಅಯ್ಯ, ಗುರುತು ಸಿಕ್ಕಿತು!
ಅದೇ ಬೇಸರ, ಟಿಕೆಟ್ಟಿಲ್ಲದೆ
ನನ್ನ ಹಿಂದಿನ ಸೀಟಿನಲ್ಲೇ ಕೂತು ಬಂದಿದೆ.

ಫೋನು ಹಚ್ಚಿದೆ: ಹೂಂ ಯವ್ವ, ಇಲ್ಲೂ ಐತಿ.
ಅವ್ವ ನಕ್ಕಳು. "ಹಂಗಾದ್ರ ಹೊಳ್ಳಿ ಬಾ."
ಊಂಹೂಂ.
ಇದಕ್ಕೆ ತಿಂಗಳಿಗೆ ನಾಲ್ಕೂವರೆ ಸಾವಿರ ಬಾಡಿಗೆ ಕಟ್ಟುತ್ತೇನವ್ವ,
ಇದು ನನ್ನದು.

ಬಿಸಿ ಗಾರೆಯ ಮೇಲೆ ಕಾಲು ಚಾಚಿ ಕೂತೆ.
ಕೆಳಗೆ ಬೀದಿಯಲ್ಲಿ ಬಸ್ಸೊಂದು ಹೋಯಿತು, ಹಿಂದೆಯೇ ಇನ್ನೊಂದು.
ಎದ್ದು ನೋಡಲಿಲ್ಲ.