ಸೊನ್ನೆ ಹಾಕು ಅಂದ

ರಿಯೆಕಾ ಹಡಗುಕಟ್ಟೆ, ಮೂರನೇ ಮಹಡಿ.
ತಿಹೊಮಿರ್ ನಿಂತಲ್ಲೇ ಹೇಳಿದ:
"ಪಂಪಿನ ವ್ಯವಸ್ಥೆ ಡ್ಯಾನ್ಯೂಬ್ ದೋಣಿಯದ್ದೇ ಇದೆಯಲ್ಲ,
ಖರ್ಚಿನ ಕಾಲಮ್ಮಿಗೆ ಸೊನ್ನೆ ಹಾಕು."

ನೆವೆಂಕಾ ಹಾಕಲಿಲ್ಲ.
ಅಣ್ಣನ ಅಂಗಿ ತಮ್ಮನಿಗೆ ಬಿಟ್ಟಿ ಬರುವುದಿಲ್ಲ:
ತೋಳು ಬಿಚ್ಚಬೇಕು, ಗುಂಡಿ ಸರಿಸಬೇಕು,
ಅದಕ್ಕೂ ಮೊದಲು
ಯಾವ ಪೆಟ್ಟಿಗೆಯಲ್ಲಿದೆ ಎಂದು ತಡಕಬೇಕು.

ಹುಡುಕಲು ಎರಡು ದಿನ, ಓದಲು ಒಂಬತ್ತು.
ನಂಬಲು?
ಯಾವ ಕೋಷ್ಟಕದಲ್ಲೂ ಆ ಸಾಲಿಲ್ಲ.

ನಲವತ್ತೇಳನೇ ಹಾಳೆಯ ಅಂಚಿನಲ್ಲಿ
ಕಾಫಿ ಲೋಟದ ಉಂಗುರದೊಳಗೆ
ಪೆನ್ಸಿಲ್ಲಿನ ಗೀಚು:
"ಈ ಕವಾಟ ಸಿಹಿನೀರಿಗಷ್ಟೇ.
ಉಪ್ಪಿಗೆ ಇಳಿಸುವವರು ಮತ್ತೆ ಪರೀಕ್ಷಿಸಿ.
ಡ್ರಾಗುಟಿನ್."

ಡ್ರಾಗುಟಿನ್!
ಹದಿನಾರು ವರ್ಷದ ಹಿಂದೆ
ಅವನು ಹೀಗೆ ಗೀಚುತ್ತ ಕೂತ ಮೂವತ್ತು ಗಂಟೆಯನ್ನು
'ಅನಗತ್ಯ' ಎಂದು ಹೊಡೆದುಹಾಕಿದವಳು
ಇವಳೇ, ಹೊಸದಾಗಿ ಸೇರಿದ್ದಳು.
ಅವನು ನಕ್ಕಿದ್ದ. ಗೀಚುವುದು ಬಿಟ್ಟಿರಲಿಲ್ಲ.

ಕಿಟಕಿಯಾಚೆ ಕ್ರೇನು ಯಾವುದೋ ತಗಡು ಎತ್ತುತ್ತಿತ್ತು.

ಅಳೆದು ಸುರಿದು ಬರೆದಳು:
ಹೊಸದಾಗಿ ಕಟ್ಟುವ ವೆಚ್ಚದ ನೂರಕ್ಕೆ ಐವತ್ತೆಂಟು.
ಅದರ ಕೆಳಗೆ, ಇನ್ನಷ್ಟು ಒತ್ತಿ:
ಅಂಚಿನಲ್ಲಿ ಬರೆಯಲು, ಮೂವತ್ತು ಗಂಟೆ.

ತಿಹೊಮಿರ್ ಎರಡೂ ಸಾಲು ಓದಿದ.
ಕೆಂಪು ಪೆನ್ನಿನ ಮುಚ್ಚಳ ತೆಗೆದ.