ಮೂರೂಮುಕ್ಕಾಲು ಗ್ರಾಂ

ಗುನ್‌ಸಾನ್ ಬಂದರಿನ ಹಿಂದಿನ ಬೀದಿಯಲ್ಲಿ
ಆರಡಿ ಅಗಲದ ಚಿನ್ನದಂಗಡಿ ನನ್ನದು.
ಬಾಗಿಲೆಳೆಯುವ ಹೊತ್ತಿಗೆ ಬಂದ.
ಶಾಲೆಯ ಕೋಟು, ಎದೆಯ ಮೇಲೆ ಹೆಸರಿನ ಪಟ್ಟಿ:
ಪ್ಯೋ ಹನ್‌ಗ್ಯೋಲ್.
ಎಡಗೈಯಲ್ಲಿ ಫೋನು. ಬಲಗೈ
ಗಾಜಿನ ಮೇಲೆ ಬಿಚ್ಚಿಕೊಂಡಿತು.
ಕೂಸಿನುಂಗುರ.

ವರ್ಷ ತುಂಬಿದ ಮಗುವಿಗೆ ನಾವು ಕೊಡುವಂಥದ್ದು,
ಅಪ್ಪಟ ಚಿನ್ನ, ಮೂರೂಮುಕ್ಕಾಲು ಗ್ರಾಂ,
ಯಾರೂ ತೊಡದೆ ಡಬ್ಬಿಯಲ್ಲೇ ಬೆಳೆಯುವಂಥದ್ದು.
ಭೂತಗಾಜು ಹಿಡಿದೆ. ಒಳಗೆ ನನ್ನದೇ ಮುದ್ರೆ.
ಅದರ ಪಕ್ಕ ಎರಡು ಸಣ್ಣ ತಗ್ಗು:
ಚಿನ್ನ ಮೆತ್ತಗಿತ್ತು,
ಹಲ್ಲು ಹೊಸದಾಗಿತ್ತು.

ತಕ್ಕಡಿ ಹೇಳಿತು: ಮೂರು ಪಾಯಿಂಟ್ ಏಳು ಒಂದು.
ಉಳಿದದ್ದು ಎಲ್ಲಿ ಸವೆಯಿತೋ.

‘ಅಮ್ಮ ಎಲ್ಲಿ?’
‘ಕಾರ್ಖಾನೆ. ರಾತ್ರಿ ಪಾಳಿ.’
‘ಗೊತ್ತಾ ಅವರಿಗೆ?’
ಅವನು ಫೋನು ನೋಡಿದ.

ತೋರಿಸು ಎಂದೆ. ತೋರಿಸಿದ,
ಸಣ್ಣ ತರಗತಿಗೆ ಪಾಠ ಹೇಳುವ ಮೇಷ್ಟ್ರ ತಾಳ್ಮೆಯಲ್ಲಿ:
ಇದು ಏಣಿ, ಇವು ಎರಡು ಕಾಲು,
ಮೂರು ನಿಮಿಷಕ್ಕೊಂದು ಚುಕ್ಕೆ
ಮೇಲಿಂದ ಹೊರಟು, ಅಡ್ಡಪಟ್ಟಿ ಸಿಕ್ಕಲ್ಲೆಲ್ಲ ತಿರುಗಿ
ಕೆಳಗೆ ಬಂದು ನಿಲ್ಲುತ್ತದೆ. ಬೆಸ, ಇಲ್ಲಾ ಸಮ.
ಹತ್ತುವವರು?
ಇಲ್ಲ ಆಂಟೀ, ಈ ಏಣಿಯಲ್ಲಿ ಇಳಿಯುವುದು ಮಾತ್ರ.

ಮೂರನೇ ಬೆಂಚಿನ ಹುಡುಗ ಸಾಲ ಕೊಡುತ್ತಾನಂತೆ.
ವಾರಕ್ಕೆ ನೂರಕ್ಕೆ ಐವತ್ತು.
ಲೆಕ್ಕ ಬರೆದಿಡುವುದು ಗಣಿತದ ನೋಟುಪುಸ್ತಕದ
ಕೊನೆಯ ಹಾಳೆಯಲ್ಲಿ.
ಅಲ್ಲಿ ಇವನ ಹೆಸರು ನಾಲ್ಕು ಸಲ ಇದೆ,
ತರಗತಿಯ ಅರ್ಧ ಹೆಸರುಗಳೂ ಇವೆ.

‘ಐದು ಸಲ ಸಮ ಬಂತು.
ಈಗ ಬೆಸ ಬರಲೇಬೇಕು.’

ಆ ‘ಲೇಬೇಕು’
ನನಗೆ ಹೊಸದಲ್ಲ.
ಹುಟ್ಟುಹಬ್ಬದ ಚಾಪೆಯ ಮೇಲೆ ನಾವೇ ಹರಡುತ್ತೇವೆ
ದಾರದುಂಡೆ, ಪೆನ್ಸಿಲು, ಅಕ್ಕಿ, ಒಂದು ಗರಿಗರಿ ನೋಟು,
ಅಂಬೆಗಾಲಿನ ಕೂಸನ್ನು ಬಿಟ್ಟು
ಉಸಿರು ಹಿಡಿದು ಕೂರುತ್ತೇವೆ ಸುತ್ತ.
ನೋಟು ಹಿಡಿ, ನೋಟು ಹಿಡಿ ಎಂದು
ಅಜ್ಜಂದಿರು ತೊಡೆ ತಟ್ಟುತ್ತಾರೆ.
‘ನೀನು ಏನು ಹಿಡಿದೆ?’
‘ದಾರವಂತೆ,’ ಎಂದ. ‘ಆಯುಸ್ಸು.’
ಹಾಗೆಂದರೆ ಒಂದು ಬಾಕಿ ಎಂಬಂತೆ.

‘ದೊಡ್ಡವರನ್ನು ಕರೆದು ತಾ. ಕಾನೂನು.’
‘ಆಚೆ ಬೀದಿಯವರು ಕೇಳುವುದಿಲ್ಲ.’
ನಿಜ. ಕೇಳುವುದಿಲ್ಲ.

ಕೂತುಕೋ ಎಂದೆ. ಬಾರ್ಲಿ ಚಹಾ ಬಗ್ಗಿಸಿದೆ.
ಮೂರು ನಿಮಿಷ ಅಷ್ಟೇ. ಕಟ್ಟಬೇಡ, ಸುಮ್ಮನೆ ನೋಡೋಣ,
ಆರನೆಯದೂ ಸಮವೇ ಬಂದೀತು, ಆಗ
ಈ ಹುಡುಗನ ತಲೆಗೆ ಏನಾದರೂ ಇಳಿದೀತು.
ಇಬ್ಬರೂ ಬಗ್ಗಿದೆವು. ಚಹಾ ಆರಿತು.
ಚುಕ್ಕೆ ಹೊರಟಿತು, ತಿರುಗಿತು, ಮತ್ತೆ ತಿರುಗಿತು,
ನನ್ನ ಹೊಟ್ಟೆಯೊಳಗೆ ಯಾವುದೋ ಒಂದು
ಬಾ, ಬಾ, ಬಾ ಎಂದಿತು.

ಬೆಸ.

ಅವನು ನನ್ನನ್ನು ನೋಡಿದ,
ಜೇಬಿಗೆ ಕೈ ಹಾಕಿದವಳನ್ನು ನೋಡುವ ಹಾಗೆ.
ಹೇಳಲು ನನ್ನಲ್ಲಿ ಏನಿತ್ತು?
ನಾನೂ ಕಟ್ಟಿದ್ದೆ, ಸಮಕ್ಕೆ.
ಸೋತೆ.

ಉಂಗುರ ಎತ್ತಿಕೊಂಡ. ಕಿರುಬೆರಳಿಗೆ ಸಿಕ್ಕಿಸಿದ,
ಉಗುರು ದಾಟಲಿಲ್ಲ ಅದು. ಹಾಗೆಯೇ
ಮುಷ್ಟಿ ಕಟ್ಟಿ ಓಡಿದ.
ಆಚೆ ಬೀದಿಯಲ್ಲಿ ದೀಪ ಇನ್ನೂ ಇತ್ತು.

ಆ ಅಂಗಡಿಯವನಿಗೂ ನನಗೂ
ಒಂದು ಸರದ ಮಾತಿಗೆ ಮಾತು ಬಿಟ್ಟು
ಹತ್ತೊಂಬತ್ತು ವರ್ಷ.
ನಂಬರು ಗೋಡೆಯ ಮೇಲೆಯೇ ಇದೆ, ಮಸಿ ಮಾಸಿದೆ.
ಒತ್ತಿದೆ. ಕಿವಿಗಿಟ್ಟೆ.
ಅತ್ತ ಗಂಟೆ ಬಡಿಯುತ್ತಿದೆ,
ಎತ್ತುವನೋ, ಹೆಸರು ನೋಡಿ ಬಿಡುವನೋ.
ಒಂದು. ಎರಡು. ಮೂರು.
ಬೆಸ, ಸಮ, ಬೆಸ