ಹದಿನೆಂಟನೆಯ ಬಾಟಲಿ

ಪೊನ್ನಂಪೇಟೆಯಲ್ಲಿ ಬಾಡಿಗೆಗೆ ಹಿಡಿದ ಕೋಣೆಯ
ಕಿಟಕಿಕಟ್ಟೆಯ ಮೇಲೆ ಸಾಲಾಗಿ
ಜಾಮು ಮುಗಿದ ಗಾಜಿನ ಬಾಟಲಿಗಳು.
ಒಂದೊಂದಕ್ಕೂ ಚೀಟಿ: ಕಕ್ಕಡ ಒಂದು, ಕಕ್ಕಡ ಎರಡು.
ಒಳಗೆ ಕುದಿಸಿ ಸೋಸಿದ ಮದ್ದುಸೊಪ್ಪಿನ ನೀರು.

ದಿನಕ್ಕೆ ಐವತ್ತು ಗ್ರಾಂ ಎಲೆ, ಅದೇ ಬೇಲಿಯದು,
ಅದೇ ಹೊತ್ತು, ಅದೇ ಪಾತ್ರೆ, ಅದೇ ಉರಿ;
ಬದಲಾಗಬೇಕಾದ್ದು ತಾರೀಖು ಮಾತ್ರ.
ದಿನಕ್ಕೊಂದು ಮದ್ದು ಎಲೆಗೆ ಇಳಿಯುತ್ತದಂತೆ,
ಹದಿನೆಂಟಕ್ಕೆ ಹದಿನೆಂಟೂ ತುಂಬಿ
ಹತ್ತೊಂಬತ್ತಕ್ಕೆ ಮತ್ತೆ ಬರೀ ಸೊಪ್ಪಂತೆ.
ಆ ‘ಅಂತೆ’ಯನ್ನು ತೂಗಲೆಂದೇ
ಹೊಸಪೇಟೆಯಿಂದ ಬಂದವಳು ನಾನು,
ಬಿಸಿಲನ್ನೇ ಹವಾಮಾನವೆಂದು ನಂಬಿದ್ದವಳು.

ಗಿಡ ತೋರಿಸಿಕೊಟ್ಟವನು ಯರವರ ಮುತ್ತ.
ಮೊದಲ ದಿನ ನಾನು ಕಿತ್ತದ್ದು ಬೇರೇನೋ.
ಅವನು ನಗಲಿಲ್ಲ. ಸರಿಯಾದ ಎಲೆಯೊಂದನ್ನು ಹಿಚುಕಿ
ನನ್ನ ಮೂಗಿನ ಬಳಿ ಹಿಡಿದ:
“ಕಣ್ಣು ಮುಚ್ಚಿ ನೋಡಿ, ಅಕ್ಕ.”
ಮುಚ್ಚಿ ನೋಡುವುದು ನಮ್ಮ ಕೈಪಿಡಿಯಲ್ಲಿ ಇರಲಿಲ್ಲ.

ಮೂರಕ್ಕೆ ತೆಳು ನೀಲಿ. ಏಳಕ್ಕೆ ನೇರಳೆ.
ಒಂಬತ್ತರಂದು ಮಳೆ ತುಸು ಹೊಳವಾಗಿ
ಬಣ್ಣ ಹಿಂದಕ್ಕೆ ಸರಿಯಿತು; ಯಾಕೋ ಗೊತ್ತಿಲ್ಲ, ಹಾಗೇ ಬರೆದೆ.
ಹನ್ನೆರಡರಂದು ನೋಟುಬುಕ್ಕಿನೊಳಗೇ ಬಂದ ಇಂಬಳವೊಂದು
ಹನ್ನೊಂದರ ಅಂಕಿಯ ಮೇಲೆ ನನ್ನ ರಕ್ತ ಕಾರಿತು.
ಅದೂ ಒಂದು ಬಣ್ಣವೇ. ಅಳೆಯಲಿಲ್ಲ.

ನಮ್ಮ ವಿಭಾಗದ ಕಪಾಟಿನಲ್ಲೊಂದು ಹಳೆಯ ಹಾಳೆಯಿದೆ,
ಇದೇ ಗಿಡ, ಒತ್ತಿ ಒಣಗಿಸಿದ್ದು, ನೂರಾ ಚಿಲ್ಲರೆ ವರ್ಷದ್ದು.
ಕುದುರೆಯ ಮೇಲೆ ಘಟ್ಟ ಹತ್ತಿದ ಯಾರೋ ದೂರದ ಪಯಣಿಗ
ದಳ ಎಣಿಸಿದ್ದಾನೆ, ಕೇಸರ ಎಣಿಸಿದ್ದಾನೆ,
ಎತ್ತರ, ಇಳಿಜಾರು, ನೆರಳು ಎಲ್ಲ ಸರಿ.
ಎಲೆಯ ಬಗ್ಗೆ ಮಾತ್ರ: ‘ವಿಶೇಷವಿಲ್ಲ.’
ಕುದಿಸಿ ನೋಡಿರಲಿಲ್ಲ, ಪಾಪ.
ಗಿಡ ತಂದುಕೊಟ್ಟ ಕೈಯ ಹೆಸರಿಗೆ
ಚೀಟಿಯಲ್ಲಿ ಜಾಗವೂ ಇರಲಿಲ್ಲ.

ಹದಿನೆಂಟು.
ಬೆಳಕು ಹರಿಯುವ ಮೊದಲೇ ಎಲೆ ಕಿತ್ತು ತಂದೆ.
ಕರೆಂಟಿಲ್ಲ, ಗ್ಯಾಸೂ ಅಂದೇ ಮುಗಿಯಬೇಕೆ?
ಪಕ್ಕದ ಮನೆಯ ಬೊಳ್ಳವ್ವನ ಒಲೆ ಕೇಳಿದೆ.
ಆಕೆ ನನ್ನ ಕೈಯಿಂದ ಕಟ್ಟು ತೆಗೆದುಕೊಂಡು
ತನ್ನ ಸೊಪ್ಪಿನ ಜೊತೆ ಒಂದೇ ಪಾತ್ರೆಗೆ ಹಾಕಿಬಿಟ್ಟಳು.
“ಅಯ್ಯೋ, ಐವತ್ತು ಗ್ರಾಂ ಅದು!”
“ಆಗಲಿ, ಎಲ್ಲರಿಗೂ ಸಾಕಾಗುತ್ತೆ.”
ಅಕ್ಕಿ ಬಿತ್ತು, ಬೆಲ್ಲ ಬಿತ್ತು, ಕಾಯಿತುರಿ ಬಿತ್ತು,
ಒಲೆಯ ಮೇಲೆ ಕಪ್ಪು ನೇರಳೆ ಕತ್ತಲು ತೊಳತೊಳ ಕುದಿಯಿತು.
ಅಳೆಯಬೇಕಾದ್ದನ್ನು ಎರಡು ಬಟ್ಟಲು ತಿಂದೆ,
ಮೇಲೆ ತುಪ್ಪ ಹಾಕಿಸಿಕೊಂಡು.

ಮರುದಿನ ಬಚ್ಚಲಲ್ಲಿ ಉಚ್ಚೆ ಕೆಂಪಗೆ ಹರಿಯಿತು.
ಗೊತ್ತಿತ್ತು. ಓದಿದ್ದೆ.
ಪ್ರಬಂಧದ ಪೀಠಿಕೆಯಲ್ಲಿ ನಾನೇ ಬರೆದಿದ್ದೆ.
ಆದರೂ ಅರೆಗಳಿಗೆ
ಎದೆ ಧಸಕ್ಕೆಂದಿತು.

ಎಲ್ಲರಿಗಿಂತ ಮೊದಲು ಇದನ್ನು ತಿಂದ ಜೀವ ನೆನಪಾಯಿತು.
ಗಂಡೋ ಹೆಣ್ಣೋ, ಯಾವ ಕುಲವೋ,
ನಾಟಿಗದ್ದೆಯ ಹಸಿವಿಗೆ ಬೇಲಿಗೆ ಕೈಹಾಕಿ
ಮರುದಿನ ಮರದ ಮರೆಯಲ್ಲಿ ಕಂಡದ್ದು
ನೆತ್ತರೇ ಎಂದು ತಿಳಿದು
ಯಾರಿಗೂ ಹೇಳದೆ ಸಂಜೆಯವರೆಗೆ ಸಾವು ಕಾದದ್ದು.
ಸಾಯಲಿಲ್ಲ. ಬಣ್ಣ ತಿಳಿಯಾಯಿತು.
ಅಲ್ಲಿಗೇ ಬಿಟ್ಟಿದ್ದರೆ ಅದು ಬರೀ ಬದುಕಿದ್ದು.
ಆದರೆ ಆ ಜೀವ
ಮುಂದಿನ ವರ್ಷ ಅದೇ ಮಳೆಗೆ ಕಾದು, ಅದೇ ಬೇಲಿಗೆ ಹೋಗಿ
ಬೇಕೆಂದೇ ಇನ್ನೊಮ್ಮೆ ತಿಂದು ನೋಡಿತು.
ಪಕ್ಕದವರನ್ನೂ ಕರೆದು ತಿನ್ನಿಸಿತು.
ನನಗೆ ಮೂರು ವರ್ಷ ಕಲಿಸಿದ್ದು ಇಷ್ಟನ್ನೇ.

ಗ್ರಾಫಿನಲ್ಲಿ ಹದಿನೇಳರ ಚುಕ್ಕಿಯಿದೆ, ಹತ್ತೊಂಬತ್ತರದ್ದಿದೆ.
“ನಡುವೆ ಗೆರೆ ಎಳೆದುಬಿಡಮ್ಮಾ,” ಎನ್ನುತ್ತಾರೆ ಫೋನಿನಲ್ಲಿ ಗುರುಗಳು.
ಎಳೆದಿಲ್ಲ.
ಕಿಟಕಿಕಟ್ಟೆಯಲ್ಲಿ ಆ ಬಾಟಲಿ ಖಾಲಿ, ಚೀಟಿ ಮಾತ್ರ ಅಂಟಿದೆ.
ಷರಾ ಕಾಲಮಿನಲ್ಲಿ ಬರೆದಿದ್ದೇನೆ:
ಮಾದರಿಯನ್ನು ತಿನ್ನಲಾಗಿದೆ. ಪರಿಣಾಮ ಕೆಂಪು.
ಮುಂದಿನ ಕಕ್ಕಡಕ್ಕೆ ಎರಡು ಕಟ್ಟು ಕೀಳುವುದು.